ಹೆಸರು ನಿಮ್ಮದೇ, ಕಾಗದ ಎಲ್ಲಿದೆ?

ನಮ್ಮ ಹಿರಿಯರು ಊರಿನಿಂದ ಬಂದು ಮುಂಬಯಿಯಲ್ಲಿ ಹೋಟೆಲು ತೆರೆದ ಕಾಲದಲ್ಲಿ ಹೆಸರಿಡುವುದು ಅಂಥ ತಲೆನೋವಿನ ಕೆಲಸವೇನೂ ಆಗಿರಲಿಲ್ಲ. ಮನೆದೇವರ ಹೆಸರನ್ನೋ ಊರಿನ ಹೆಸರನ್ನೋ ಬೋರ್ಡಿನ ಮೇಲೆ ಬರೆಸಿ, ಗಣಹೋಮ ಮಾಡಿಸಿ ಒಲೆ ಹೊತ್ತಿಸಿದರೆ ವ್ಯಾಪಾರ ಶುರು. ರಸ್ತೆಯ ಈ ತುದಿಗೊಂದು ಆ ತುದಿಗೊಂದು ಕೃಷ್ಣನ ಹೆಸರಿನ ಹೋಟೆಲಿದ್ದರೂ ಗಿರಾಕಿಗಳಿಗೆ ಗೊಂದಲವಿರಲಿಲ್ಲ. ಸಾಂಬಾರಿನ ರುಚಿಯಲ್ಲೇ ಯಾವುದು ಯಾರದೆಂದು ತಿಳಿಯುತ್ತಿತ್ತು. 'ಉಡುಪಿ' ಎಂಬ ಪದವಂತೂ ಯಾರೊಬ್ಬರ ಸ್ವತ್ತೂ ಅಲ್ಲ, ಎಲ್ಲರ ಸ್ವತ್ತು.

ನಿಮ್ಮ ಕಾಲ ಹಾಗಿಲ್ಲ. ನಮ್ಮ ಸಂಘದ ಹುಡುಗ ಹುಡುಗಿಯರು ಈಗ ನೌಕರಿಗಿಂತ ಸ್ವಂತದ್ದೇನಾದರೂ ಮಾಡಬೇಕೆಂದು ಹೊರಟಿದ್ದಾರೆ. ಒಬ್ಬಳು ಕೇಕು ಮಾಡುತ್ತಾಳೆ, ಒಬ್ಬ ಮದುವೆ ಮನೆಗಳಿಗೆ ಬೆಳಕಿನ ವ್ಯವಸ್ಥೆ ಮಾಡುತ್ತಾನೆ, ಒಬ್ಬ ತಿಗಣೆ ಜಿರಳೆಗಳ ಔಷಧಿ ಹೊಡೆಯುತ್ತಾನೆ. ಹೆಸರೊಂದನ್ನು ಯೋಚಿಸಿ ಫೋನಿನಲ್ಲಿ ಹಾಕಿದ ದಿನವೇ ಅದು ದೇಶದ ಆಚೆ ತುದಿಯಲ್ಲೂ ಕಾಣುತ್ತದೆ. ಹಾಗಾಗಿ ಡೊಂಬಿವಲಿಯ ಸಣ್ಣ ವ್ಯಾಪಾರದ ಹೆಸರು ಇನ್ನಾವುದೋ ಊರಿನ ದೊಡ್ಡ ವ್ಯಾಪಾರದವರ ಕಣ್ಣಿಗೆ ಬೀಳುವುದು, ಒಂದು ದಿನ 'ನಮ್ಮ ಹೆಸರನ್ನು ಕದ್ದಿದ್ದೀರಿ' ಎಂದು ವಕೀಲರ ನೋಟೀಸು ಬರುವುದು ಈಗ ವಿಶೇಷವಲ್ಲ. ಆ ನೋಟೀಸು ಬಂದಾಗ ಏನು ಮಾಡಬೇಕೆಂಬುದನ್ನು ನಾನು ತಿಳಿದುಕೊಂಡದ್ದು ನನ್ನ ಅಕ್ಕನ ಮಗನಿಂದಾಗಿ.

ಅವನದು ಮನೆ, ಸೊಸೈಟಿಗಳನ್ನು ತೊಳೆದು ಶುಚಿಮಾಡಿಕೊಡುವ ಕೆಲಸ. ಸೋಫಾ, ಕಾರ್ಪೆಟ್ಟು, ಬಚ್ಚಲುಮನೆ, ಕಟ್ಟಡದ ಮೇಲಿನ ನೀರಿನ ಟಾಂಕಿ. 2014ರಲ್ಲಿ ಒಂದು ಸೆಕೆಂಡ್‌ಹ್ಯಾಂಡ್ ವ್ಯಾಕ್ಯೂಮ್ ಯಂತ್ರ ಮತ್ತು ಇಬ್ಬರು ಆಳುಗಳಿಂದ ಶುರುವಾದದ್ದು 2022ರ ಹೊತ್ತಿಗೆ ಎರಡು ವ್ಯಾನು, ಹದಿನಾಲ್ಕು ಜನರಾಗಿತ್ತು. ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆ ಅವನ ವಿಷಯದಲ್ಲಿ ಅಕ್ಷರಶಃ ನಿಜ. ಸಂಸ್ಥೆಯ ನಿಜವಾದ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಎರಡು ಕಡೆಯವರಿಗೂ ಒಪ್ಪಂದವಾಗಿದೆ. ಮಾತಿನ ಅನುಕೂಲಕ್ಕೆ 'ಹಂಸ' ಎಂದಿಟ್ಟುಕೊಳ್ಳಿ. ನೋಟೀಸು ಕಳಿಸಿದ ಕಂಪನಿಯ ಹೆಸರೂ ಅದೇ, ಕೊನೆಯಲ್ಲೊಂದು ದೀರ್ಘ ಮಾತ್ರ ಹೆಚ್ಚು ಎಂದು ಭಾವಿಸಿ: 'ಹಂಸಾ'. ಅವರದೂ ಶುಚಿಗೊಳಿಸುವ ಕೆಲಸವೇ, ಬೇರೆ ಊರಿನಲ್ಲಿ, ದೊಡ್ಡ ಪ್ರಮಾಣದಲ್ಲಿ.

ನೋಟೀಸು ಬಂದದ್ದು 2022ರ ಅಕ್ಟೋಬರಿನಲ್ಲಿ, ದೀಪಾವಳಿಗೆ ಮೂರು ವಾರವಿರುವಾಗ. ಈ ಕಸುಬಿನವರಿಗೆ ವರ್ಷದ ದುಡಿಮೆಯೆಂದರೆ ಅದೇ ಮೂರು ವಾರ. ಏಳು ದಿನಗಳೊಳಗೆ ಹೆಸರನ್ನು ಬಿಡಬೇಕು, ವ್ಯಾನಿನ ಮೇಲಿನ ಬರಹ ಅಳಿಸಬೇಕು, ಟಿ-ಶರ್ಟು, ವಿಸಿಟಿಂಗ್ ಕಾರ್ಡು, ಬಿಲ್ಲು ಪುಸ್ತಕ ಎಲ್ಲವನ್ನೂ ಒಪ್ಪಿಸಬೇಕು, ಪತ್ರಿಕೆಯಲ್ಲಿ ಕ್ಷಮೆ ಕೇಳಬೇಕು, ಹತ್ತು ಲಕ್ಷ ರೂಪಾಯಿ ಪರಿಹಾರ ಕೊಡಬೇಕು, ತಪ್ಪಿದರೆ ಸಿವಿಲ್ ಮತ್ತು ಕ್ರಿಮಿನಲ್ ಎರಡೂ ಬಗೆಯ ಕ್ರಮ. ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ!

"ಚಿಕ್ಕಮ್ಮ, ಇದನ್ನೊಮ್ಮೆ ಓದಿ ಹೇಳಿ" ಎಂದು ತಂದುಕೊಟ್ಟ. ಅವನಿಗೇನೂ ಇಂಗ್ಲಿಷ್ ಬಾರದೆಂದಲ್ಲ, ಕಾನ್ವೆಂಟಿನಲ್ಲಿ ಓದಿದವನೇ. ಆದರೆ ವಕೀಲರ ಇಂಗ್ಲಿಷೇ ಬೇರೆ. ಮನೆಯಲ್ಲಿ ಇಂಗ್ಲಿಷ್ ಬಿ.ಎ. ಮಾಡಿದವಳು ನಾನೊಬ್ಬಳೇ ಆದ್ದರಿಂದ, ಪಾಸಾಗಿ ಮೂವತ್ತು ವರ್ಷದ ಮೇಲಾದರೂ, ಈ ಬಗೆಯ ಕಾಗದಗಳೆಲ್ಲ ನನ್ನ ಅಡುಗೆಮನೆಗೇ ಬರುತ್ತವೆ. ಕಾಲೇಜಿನಲ್ಲಿ ಕಠಿಣ ಗದ್ಯವನ್ನು ಸರಳ ಮಾತಿಗೆ ಇಳಿಸುವ ಅಭ್ಯಾಸ ಮಾಡಿಸುತ್ತಿದ್ದರು. ಅದನ್ನೇ ಇಲ್ಲೂ ಮಾಡಿದೆ. ಆರು ಪುಟದಲ್ಲಿ ಮೂರು ಪುಟ ಕಂಪನಿಯ ಹೊಗಳಿಕೆ, ಒಂದೂವರೆ ಪುಟ ಬೆದರಿಕೆ. ನಿಜವಾದ ಸಂಗತಿಗಳು ನಾಲ್ಕೇ ಸಾಲು: ತಾವು 2017ರಿಂದ ಈ ಹೆಸರು ಬಳಸುತ್ತಿದ್ದೇವೆ, 2018ರಲ್ಲಿ ನೋಂದಣಿಗೆ ಅರ್ಜಿ ಹಾಕಿದೆವು, 37ನೇ ವರ್ಗದಲ್ಲಿ ನೋಂದಣಿ ಸಿಕ್ಕಿದೆ, ನಿಮ್ಮ ವ್ಯಾನಿನ ಫೋಟೋ ಲಗತ್ತಿಸಿದೆ.

ಈ ನಾಲ್ಕು ಸಾಲುಗಳನ್ನು ಪೆನ್ಸಿಲಿನಿಂದ ಗುರುತು ಮಾಡಿಕೊಟ್ಟಾಗಲೇ ಹುಡುಗನ ಮುಖ ಸ್ವಲ್ಪ ತಿಳಿಯಾಯಿತು. ಯಾಕೆಂದರೆ 2014 ಎಂಬುದು 2017ಕ್ಕಿಂತ ಮೊದಲು ಎಂಬ ಲೆಕ್ಕಕ್ಕೆ ವಕೀಲರು ಬೇಕಿಲ್ಲ.

ಮೊದಲು ತಿಳಿಯಬೇಕಾದ್ದು, ಬಂದ ಕಾಗದ ಯಾರಿಂದ ಬಂದಿದೆ ಎಂಬುದು. ವಕೀಲರ ನೋಟೀಸೆಂದರೆ ಕೋರ್ಟಿನ ಆಜ್ಞೆಯಲ್ಲ. ಅದು ಎದುರಿನವರ ಹಕ್ಕೊತ್ತಾಯ, ಅವರ ಕಕ್ಷಿಯ ಮಾತು. ಏಳು ದಿನ, ಹದಿನೈದು ದಿನ ಎಂಬ ಗಡುವು ಅವರೇ ಹಾಕಿದ್ದು, ಕಾನೂನು ಹಾಕಿದ್ದಲ್ಲ. ಆದರೆ ಟ್ರೇಡ್‌ಮಾರ್ಕ್ ರಿಜಿಸ್ಟ್ರಿಯಿಂದಲೋ ಕೋರ್ಟಿನಿಂದಲೋ ಕಾಗದ ಬಂದರೆ ಆ ಗಡುವು ನಿಜವಾದದ್ದು. ನೀವು ಹಾಕಿದ ಅರ್ಜಿಗೆ ಯಾರಾದರೂ ವಿರೋಧ ಸಲ್ಲಿಸಿ ಅದರ ಪ್ರತಿ ನಿಮ್ಮ ಕೈಸೇರಿದರೆ, ಎರಡು ತಿಂಗಳೊಳಗೆ ಪ್ರತಿಹೇಳಿಕೆ ಕೊಡಬೇಕು; ಕೊಡದಿದ್ದರೆ ಅರ್ಜಿಯನ್ನೇ ಕೈಬಿಟ್ಟಂತೆ. ವಾಣಿಜ್ಯ ಮೊಕದ್ದಮೆಯ ಸಮನ್ಸು ಬಂದರೆ ಮೂವತ್ತು ದಿನ, ಕೋರ್ಟು ಕನಿಕರಪಟ್ಟರೂ ಒಟ್ಟು ನೂರಿಪ್ಪತ್ತು ದಿನದ ಮೇಲೆ ಒಂದು ದಿನವೂ ಸಿಗದು. ಇವೆರಡನ್ನು ಬೇರ್ಪಡಿಸಿ ನೋಡದೆ ಕೆಲವರು ನೋಟೀಸಿಗೇ ಹೆದರಿ ಬೋರ್ಡು ಇಳಿಸುತ್ತಾರೆ, ಇನ್ನು ಕೆಲವರು ಸಮನ್ಸನ್ನೂ ಹಳೆಯ ಪೇಪರಿನ ಕಟ್ಟಿಗೆ ಸೇರಿಸುತ್ತಾರೆ.

ನೋಟೀಸಿಗೆ ಉತ್ತರ ಕೊಡದೆ ಸುಮ್ಮನಿರಲು ಅವನಿಗೂ ಒಮ್ಮೆ ಮನಸ್ಸಾಗಿತ್ತು. "ಅವರು ಇಷ್ಟು ದೂರ ಬಂದು ಕೇಸು ಹಾಕುತ್ತಾರೆಯೇ?" ಎಂದ. ಬರಬೇಕಾಗಿಯೇ ಇಲ್ಲ! 1999ರ ಟ್ರೇಡ್‌ಮಾರ್ಕ್ ಕಾಯ್ದೆಯ 134ನೇ ಕಲಮಿನ ಪ್ರಕಾರ ನೋಂದಾಯಿತ ಮಾಲೀಕನು ತಾನಿರುವ ಅಥವಾ ತನ್ನ ವ್ಯಾಪಾರವಿರುವ ಊರಿನ ಜಿಲ್ಲಾ ನ್ಯಾಯಾಲಯದಲ್ಲೇ ಮೊಕದ್ದಮೆ ಹೂಡಬಹುದು. ನೋಟೀಸಿಗೆ ಮೌನವಾಗಿದ್ದವನ ವಿರುದ್ಧ, ಅವನ ಮಾತು ಕೇಳದೆಯೇ ತಾತ್ಕಾಲಿಕ ತಡೆಯಾಜ್ಞೆ ತರುವುದೂ ಉಂಟು. ಅದಕ್ಕೆ ಮುನ್ನೆಚ್ಚರಿಕೆಯಾಗಿ ಆ ಊರಿನ ಕೋರ್ಟಿನಲ್ಲಿ 'ಕೇವಿಯೆಟ್' ಎಂಬ ಅರ್ಜಿ ಕೊಟ್ಟಿಟ್ಟರೆ ತೊಂಬತ್ತು ದಿನ ನಮಗೆ ತಿಳಿಸದೆ ಆಜ್ಞೆಯಾಗದು. ಅವನ ವಕೀಲರು ಮೊದಲು ಮಾಡಿದ ಕೆಲಸವೇ ಅದು.

ಹೆಸರು ಬದಲಿಸಿಬಿಡಬಾರದೇ, ಇಷ್ಟೆಲ್ಲ ಯಾಕೆ ಎಂದು ನಿಮಗೆ ಅನ್ನಿಸಬಹುದು. ಅವನ ಅಪ್ಪನೂ ಅದನ್ನೇ ಹೇಳಿದರು. ಆದರೆ ಈ ಊರಿನ ಸೊಸೈಟಿಗಳ ಗೇಟಿನಲ್ಲಿ ನಿಂತು ನೋಡಿದವರಿಗೆ ಹೆಸರಿನ ಬೆಲೆ ಗೊತ್ತು. ವಾಚ್‌ಮನ್ ಒಳಗೆ ಬಿಡುವುದು ಮುಖ ನೋಡಿಯಲ್ಲ, ಟಿ-ಶರ್ಟಿನ ಮೇಲಿನ ಬರಹ ನೋಡಿ. ಮನೆಯಲ್ಲಿ ಯಾರೂ ಇಲ್ಲದಾಗ ಬೀಗದಕೈ ಕೊಟ್ಟುಹೋಗುವ ಗೃಹಿಣಿ ನಂಬುವುದು ಆ ಹೆಸರನ್ನು. ಅವನ ಕೆಲಸದವರಲ್ಲಿ ಆರು ಮಂದಿ ಹೆಣ್ಣುಮಕ್ಕಳು ಕಲಬುರಗಿ ಕಡೆಯವರು. ಸುದ್ದಿ ಹೇಗೋ ಅವರ ಕಿವಿಗೂ ಬಿದ್ದು ಒಬ್ಬಾಕೆ ಕೇಳಿದಳಂತೆ: "ಅಣ್ಣಾರ, ಹೆಸರು ಹೋದ್ರ ನಮ್ ಕೆಲಸಾನೂ ಹೋಗ್ತದೇನ್ರಿ?" ಎಂಟು ವರ್ಷ ಟಾಂಕಿಯೊಳಗೆ ಇಳಿದು ಪಾಚಿ ಕೆರೆದವರ ಬೆವರು ಆ ಎರಡಕ್ಷರದಲ್ಲಿ ಸೇರಿಕೊಂಡಿತ್ತು.

ಇನ್ನು ಕಾನೂನಿನ ಮಾತು. ಶುಚಿಗೊಳಿಸುವ ಕೆಲಸ ಸೇವೆಯ ಬಗೆಗೆ ಸೇರಿದ್ದು, 37ನೇ ವರ್ಗ. ಸಾಬೂನು ಮುಂತಾದ ವಸ್ತುಗಳದು 3ನೇ ವರ್ಗ. 1958ರ ಹಳೆಯ ಕಾಯ್ದೆಯಲ್ಲಿ ವಸ್ತುಗಳ ಗುರುತಿಗೆ ಮಾತ್ರ ನೋಂದಣಿಯಿತ್ತು, ಸೇವೆಗಳಿಗೆ ಇರಲಿಲ್ಲ. 1999ರ ಕಾಯ್ದೆ 2003ರ ಸೆಪ್ಟೆಂಬರ್ 15ರಿಂದ ಜಾರಿಗೆ ಬಂದ ಮೇಲೆ ಸೇವೆಗಳಿಗೂ ಅವಕಾಶವಾಯಿತು. ಈ ಕಾಯ್ದೆಯಲ್ಲಿ ಸಣ್ಣವರ ಪಾಲಿಗೆ ವರದಂತಿರುವುದು 34ನೇ ಕಲಮು. ನೋಂದಾಯಿಸಿದವನು ಹೆಸರನ್ನು ಬಳಸತೊಡಗಿದ ದಿನ ಅಥವಾ ಅವನ ನೋಂದಣಿಯ ದಿನ, ಇವೆರಡರಲ್ಲಿ ಯಾವುದು ಮೊದಲೋ ಅದಕ್ಕಿಂತ ಮೊದಲಿನಿಂದ ನೀವು ಆ ಹೆಸರನ್ನು ಎಡೆಬಿಡದೆ ಬಳಸುತ್ತಿದ್ದರೆ, ಅವನ ನೋಂದಣಿ ನಿಮ್ಮನ್ನು ತಡೆಯಲಾರದು. ಅಂದರೆ ಸರ್ಕಾರದ ಮೊಹರಿಗಿಂತ ಮೊದಲ ಬಳಕೆಯೇ ಮೇಲು.

'ಎಡೆಬಿಡದೆ' ಎಂಬ ಒಂದು ಪದದಲ್ಲಿ ಮಾತ್ರ ಕಷ್ಟವೆಲ್ಲ ಅಡಗಿದೆ. ಬಾಯಲ್ಲಿ ಹೇಳಿದರಾಗದು, ಕಾಗದ ಬೇಕು. ಅವನಲ್ಲಿ ಏನಿತ್ತು? ಗುಮಾಸ್ತಾ ಲೈಸೆನ್ಸು 2016ರದು, ಜಿ.ಎಸ್.ಟಿ. ನೋಂದಣಿ 2018ರದು. (ಇವೆರಡೂ ಇದ್ದರೆ ಹೆಸರು ತನ್ನದಾಯಿತೆಂದು ಅವನು ತಿಳಿದಿದ್ದ, ಬಹಳ ಜನ ಹಾಗೇ ತಿಳಿಯುತ್ತಾರೆ. ಗುಮಾಸ್ತಾ, ಜಿ.ಎಸ್.ಟಿ., ಉದ್ಯಮ್ ಪ್ರಮಾಣಪತ್ರ, ಅಂತರ್ಜಾಲದ ವಿಳಾಸ ಇವು ಯಾವುವೂ ಹೆಸರಿನ ಒಡೆತನ ಕೊಡುವುದಿಲ್ಲ. ಆ ತಾರೀಖಿನಲ್ಲಿ ನೀವು ಆ ಹೆಸರಲ್ಲಿ ವ್ಯಾಪಾರ ಮಾಡುತ್ತಿದ್ದಿರಿ ಎಂಬುದಕ್ಕೆ ಸಾಕ್ಷಿ, ಅಷ್ಟೆ.) ಮೊದಲ ಎರಡು ವರ್ಷದ ಕೆಲಸವೆಲ್ಲ ನಗದಿನಲ್ಲಿ, ಬಿಲ್ಲಿಲ್ಲದೆ ನಡೆದಿತ್ತು. ಅಕ್ಕ ಟ್ರಂಕಿನ ತಳದಿಂದ ಒಂದು ಬಿಲ್ಲು ಪುಸ್ತಕ ಹುಡುಕಿ ತೆಗೆದಳು. ಅದರಲ್ಲಿ 2014ರ ಹನ್ನೊಂದು ಬಿಲ್ಲುಗಳಿದ್ದವು, ಆಮೇಲೆ ಖಾಲಿ. ಕರಪತ್ರ ಅಚ್ಚು ಹಾಕಿಸಿದ ಪ್ರೆಸ್ಸು ಮುಚ್ಚಿಹೋಗಿತ್ತು. 2015ರ ವರ್ಷಕ್ಕೆ ಏನೇನೂ ಇರಲಿಲ್ಲ.

ಆಗ ನೆರವಿಗೆ ಬಂದದ್ದು ಹೌಸಿಂಗ್ ಸೊಸೈಟಿಗಳ ಲೆಕ್ಕಪತ್ರ. ಇದನ್ನು ನೀವು ನೆನಪಿಟ್ಟುಕೊಳ್ಳಬೇಕು. ಸೊಸೈಟಿಗಳ ಲೆಕ್ಕ ಪ್ರತಿವರ್ಷ ಆಡಿಟ್ ಆಗಬೇಕಾದ್ದರಿಂದ ಯಾರಿಗೆ ಎಷ್ಟು ಕೊಟ್ಟರೂ ವೌಚರು ಮಾಡುತ್ತಾರೆ, ಅದನ್ನು ಫೈಲಿನಲ್ಲಿಡುತ್ತಾರೆ. ನಮ್ಮ ಹುಡುಗ ಟಾಂಕಿ ತೊಳೆದ ಏಳು ಸೊಸೈಟಿಗಳಿಗೆ ಹೋಗಿ ಕೇಳಿಕೊಂಡ. ಮೂರು ಕಡೆ ಸಿಕ್ಕಿತು. ಒಂದು ಕಡೆಯ ಕಾರ್ಯದರ್ಶಿ, ಎಪ್ಪತ್ತು ದಾಟಿದ ಮರಾಠಿ ಹಿರಿಯರು, ಒಂದು ಭಾನುವಾರವಿಡೀ ಮಾಳಿಗೆಯ ಧೂಳಿನಲ್ಲಿ ಕುಳಿತು 2015ರ ಮೇ ತಿಂಗಳ ವೌಚರನ್ನು ಹುಡುಕಿಕೊಟ್ಟರು. ಟಾಂಕಿ ಸ್ವಚ್ಛತೆ, ಸಾವಿರದ ಎಂಟುನೂರು ರೂಪಾಯಿ, ಎದುರಿಗೆ ಸಂಸ್ಥೆಯ ಹೆಸರು, ಕೆಳಗೆ ಇವನದೇ ರುಜು. ಜೊತೆಗೆ ಅದೇ ವರ್ಷದ ಸಭೆಯ ನಡವಳಿಯಲ್ಲಿ ಇವನ ದರಪಟ್ಟಿ ಒಪ್ಪಿದ ಉಲ್ಲೇಖವೂ ಇತ್ತು. ಫಿನೈಲು ಮಾರುವ ಸಗಟು ಅಂಗಡಿಯವರು ಸಂಸ್ಥೆಯ ಹೆಸರಿಗೇ ಬರೆದ ಬಿಲ್ಲುಗಳು, ಬ್ಯಾಂಕಿನಲ್ಲಿ ಸೊಸೈಟಿಯ ಚೆಕ್ಕು ಜಮೆಯಾದ ದಾಖಲೆ, ಟಿ-ಶರ್ಟಿನ ಆರ್ಡರು, ಹೀಗೆ ಒಂದೊಂದೇ ಸೇರಿ 2014ರಿಂದ 2022ರವರೆಗೆ ಪ್ರತಿ ವರ್ಷಕ್ಕೊಂದಾದರೂ ಕಾಗದವಾಯಿತು. ಫೋನಿನಲ್ಲಿದ್ದ ಹಳೆಯ ಫೋಟೋಗಳನ್ನೂ ವಕೀಲರು ಬೇಡವೆನ್ನಲಿಲ್ಲ. ಆದರೆ ಅವನ್ನು ಕೋರ್ಟಿನಲ್ಲಿ ಸಾಕ್ಷಿಯಾಗಿ ಕೊಡಬೇಕಾದರೆ ಬೇರೆ ಪ್ರಮಾಣಪತ್ರ ಬೇಕಾಗುತ್ತದೆ, ಬೇರೆಯವರ ಕೈಬರಹದ ವೌಚರಿಗಿರುವ ತೂಕ ಅದಕ್ಕಿಲ್ಲ ಎಂದರು.

ಇತ್ತ ರಿಜಿಸ್ಟ್ರಿಯ ದಾಖಲೆಯನ್ನೂ ನೋಡಿದೆವು. ಇದು ಸರ್ಕಾರದ ಅಂತರ್ಜಾಲ ತಾಣದಲ್ಲಿ ಯಾರು ಬೇಕಾದರೂ ಹಣ ಕೊಡದೆ ನೋಡಬಹುದಾದ್ದು. ನೋಟೀಸಿನಲ್ಲಿ ಬರೆದದ್ದನ್ನು ನಂಬುವ ಮೊದಲು ನೋಡಲೇಬೇಕಾದ್ದೂ ಹೌದು. ಅರ್ಜಿ ಹಾಕಿದ್ದನ್ನೇ ನೋಂದಣಿಯಾಗಿದೆ ಎಂಬಂತೆ ಬರೆಯುವವರಿದ್ದಾರೆ. ನೋಂದಣಿಯ ಅವಧಿ ಹತ್ತು ವರ್ಷ, ನವೀಕರಿಸದೆ ಬಿಟ್ಟವರಿದ್ದಾರೆ. ಬರೀ ಚಿತ್ರಕ್ಕೆ ನೋಂದಣಿ ಪಡೆದು ಪದದ ಮೇಲೆ ಹಕ್ಕು ಸಾಧಿಸುವವರಿದ್ದಾರೆ. ಈ ಕಂಪನಿಯ ಮಾತು ಬಹುಮಟ್ಟಿಗೆ ನಿಜವೇ ಆಗಿತ್ತು. ನೋಂದಣಿಯಿತ್ತು, 2017ರಿಂದ ಬಳಕೆ ಎಂದೇ ಬರೆದಿತ್ತು. ನೋಂದಣಿಯಾದದ್ದು ಪದವೊಂದಕ್ಕೇ ಅಲ್ಲ, ಪದ ಮತ್ತು ಅದರ ಪಕ್ಕದ ಒಂದು ನೀಲಿ ನೀರಿನ ಹನಿ ಎರಡೂ ಸೇರಿದ ಲೇಬಲ್ಲಿಗೆ.

ಆ ಹನಿಯ ಬಳಿಗೆ ಬಂದಾಗ ನಮ್ಮ ಹುಡುಗ ತಲೆ ತಗ್ಗಿಸಿದ. 2020ರಲ್ಲಿ ಎರಡನೇ ವ್ಯಾನು ಕೊಂಡಾಗ ಸ್ಟಿಕರ್ ಅಂಗಡಿಯವನು ಕಂಪ್ಯೂಟರಿನಲ್ಲಿ ನಾಲ್ಕಾರು ಚಿತ್ರ ತೋರಿಸಿ "ಇದು ಚೆನ್ನಾಗಿದೆ" ಎಂದು ಒಂದು ನೀಲಿ ಹನಿಯನ್ನು ಹೆಸರಿನ ಪಕ್ಕ ಅಂಟಿಸಿದ್ದ. ಅವನು ಎಲ್ಲಿಂದ ತೆಗೆದನೋ ದೇವರೇ ಬಲ್ಲ. ಎರಡು ಫೋಟೋಗಳನ್ನೂ ಮೇಜಿನ ಮೇಲಿಟ್ಟರೆ ನೀರಿನ ಹನಿಯ ವಾಲಿಕೆ ಕೂಡ ಒಂದೇ. ನೋಟೀಸು ಬಂದದ್ದಕ್ಕೆ ನಿಜವಾದ ಕಾರಣ ಹೆಸರಿಗಿಂತ ಇದೇ ಇದ್ದೀತು ಎಂದು ನನಗನ್ನಿಸಿತು. ಹಂಸ ಹಾಲನ್ನೂ ನೀರನ್ನೂ ಬೇರ್ಪಡಿಸುತ್ತದೆ ಎನ್ನುತ್ತಾರಲ್ಲ, ಇಲ್ಲಿ ನಾವೇ ಬೇರ್ಪಡಿಸಬೇಕಾಯಿತು: ಹೆಸರಿನಲ್ಲಿ ಇವನು ಸರಿ, ಹನಿಯಲ್ಲಿ ಅವರು ಸರಿ.

ಚಿತ್ರದ ವಿಷಯದಲ್ಲಿ ನಮ್ಮ ಮೈಸೂರಿನದೇ ಒಂದು ಹಳೆಯ ಮೊಕದ್ದಮೆಯಿದೆ. ಪಾರ್ಲೆ ಕಂಪನಿಯ ಗ್ಲುಕೋ ಬಿಸ್ಕತ್ತಿನ ಹೊದಿಕೆಯ ಮೇಲೆ ತೋಟದ ಮನೆ, ಹುಡುಗಿ, ಹಸು, ಕೋಳಿಗಳ ಚಿತ್ರವಿತ್ತು. ಮೈಸೂರಿನ ಜೆ.ಪಿ. ಅಂಡ್ ಕಂಪನಿಯವರು ಗ್ಲುಕೋಸ್ ಬಿಸ್ಕತ್ತೆಂದು ಸುಮಾರು ಅದೇ ಬಣ್ಣ, ಅದೇ ಬಗೆಯ ಚಿತ್ರದ ಹೊದಿಕೆ ಮಾಡಿದರು. ಕೆಳಗಿನ ನ್ಯಾಯಾಲಯದಲ್ಲೂ ಹೈಕೋರ್ಟಿನಲ್ಲೂ ಮೈಸೂರಿನವರೇ ಗೆದ್ದರು. ಎರಡು ಚಿತ್ರಗಳಲ್ಲಿ ವ್ಯತ್ಯಾಸಗಳು ಬೇಕಾದಷ್ಟಿದ್ದವು. ಆದರೆ 1972ರಲ್ಲಿ ಸುಪ್ರೀಂ ಕೋರ್ಟು ತೀರ್ಪನ್ನು ತಿರುಗಿಸಿತು. ಗಿರಾಕಿ ಎರಡು ಪೊಟ್ಟಣಗಳನ್ನು ಅಕ್ಕಪಕ್ಕ ಇಟ್ಟು ವ್ಯತ್ಯಾಸ ಹುಡುಕುವುದಿಲ್ಲ, ಒಂದನ್ನು ನೋಡಿದ ನೆನಪಿನ ಮೇಲೆ ಇನ್ನೊಂದನ್ನು ಕೊಳ್ಳುತ್ತಾನೆ, ಹಾಗಾಗಿ ಒಟ್ಟು ನೋಟ ಮುಖ್ಯ ಎಂಬುದು ಅದರ ತಾತ್ಪರ್ಯ. ಸೊಸೈಟಿಯ ಗೇಟಿನಲ್ಲಿ ಹಾದುಹೋಗುವ ವ್ಯಾನಿಗೂ ಇದು ಸಲ್ಲುತ್ತದೆ. 'ನಮ್ಮ ಅಕ್ಷರ ಬೇರೆ, ಬಣ್ಣ ಸ್ವಲ್ಪ ತಿಳಿ' ಎಂಬ ವಾದ ಹೆಚ್ಚು ದೂರ ಹೋಗದು.

ಎಲ್ಲ ಸಲವೂ ದೊಡ್ಡವರೇ ಗೆಲ್ಲುತ್ತಾರೆ ಎಂದುಕೊಳ್ಳಬೇಡಿ. ಕರ್ನಾಟಕ ಹಾಲು ಮಹಾಮಂಡಳದ 'ನಂದಿನಿ' 1985ರಿಂದ ಇರುವುದು ನಿಮಗೂ ಗೊತ್ತು; ಊರಿಗೆ ಹೋದಾಗ ಆ ಪೇಡೆ ತರದ ಮನೆ ಯಾವುದು? ಬೆಂಗಳೂರಿನಲ್ಲಿ 1989ರಿಂದ 'ನಂದಿನಿ ಡಿಲಕ್ಸ್' ಎಂಬ ಹೋಟೆಲುಗಳೂ ಇವೆ, ಇಂಗ್ಲಿಷಿನಲ್ಲಿ ಒಂದಕ್ಷರ ಮಾತ್ರ ಹೆಚ್ಚು. ಹೋಟೆಲಿನವರು ನೋಂದಣಿ ಕೇಳಿದಾಗ ಮಹಾಮಂಡಳ ವಿರೋಧಿಸಿತು. ವರ್ಷಾನುಗಟ್ಟಲೆ ನಡೆದು 2018ರ ಜುಲೈಯಲ್ಲಿ ಸುಪ್ರೀಂ ಕೋರ್ಟು ಹೋಟೆಲಿನವರ ಪರವಾಗಿ ತೀರ್ಪಿತ್ತಿತು. ಹಾಲು ಮತ್ತು ಹಾಲಿನ ಪದಾರ್ಥಗಳನ್ನು ಬಿಟ್ಟು ಉಳಿದವುಗಳಿಗೆ ನೋಂದಣಿ ಕೊಡಬಹುದು, ಒಂದು ವರ್ಗದೊಳಗೆ ಕೆಲವು ವಸ್ತುಗಳಿಗೆ ಹೆಸರು ಪಡೆದವರು ಇಡೀ ವರ್ಗವೇ ತಮ್ಮದೆನ್ನುವಂತಿಲ್ಲ ಎಂದಿತು. ದೇವರ ಹೆಸರು, ಹಸುವಿನ ಹೆಸರು, ನದಿಯ ಹೆಸರು ಇಡುವ ನಮ್ಮಂಥವರಿಗೆ ಇದು ಸಮಾಧಾನದ ಮಾತು. ನಮ್ಮ ಹುಡುಗನಿಗೆ ಮಾತ್ರ ಇದರಿಂದ ನೇರ ಉಪಯೋಗವಿರಲಿಲ್ಲ, ಅವರೂ ತೊಳೆಯುವವರೇ, ಇವನೂ ತೊಳೆಯುವವನೇ.

ಅವನಿಗೆ ಉಪಯೋಗಕ್ಕೆ ಬಂದ ದಾರಿ ಇನ್ನೂ ಹಳೆಯದು. 'ಅಮೃತಧಾರಾ' ಎಂಬ ಔಷಧಿಯವರು 'ಲಕ್ಷ್ಮಣಧಾರಾ' ಎಂಬ ಹೆಸರನ್ನು ವಿರೋಧಿಸಿದ್ದರು. ಹೆಸರುಗಳು ಗಿರಾಕಿಯನ್ನು ದಾರಿತಪ್ಪಿಸುವಷ್ಟು ಸಮೀಪವಾಗಿವೆ ಎಂದು 1962ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಆದರೂ ಲಕ್ಷ್ಮಣಧಾರಾದವರು 1923ರಿಂದ ಪ್ರಾಮಾಣಿಕವಾಗಿ ಮಾರುತ್ತಾ ಬಂದದ್ದನ್ನು ಗಮನಿಸಿ, ಉತ್ತರಪ್ರದೇಶದ ಮಟ್ಟಿಗೆ ನೋಂದಣಿ ಕೊಟ್ಟಿದ್ದನ್ನು ಎತ್ತಿಹಿಡಿಯಿತು. ಊರು ಹಂಚಿಕೊಂಡು ಬಾಳುವ ಈ ಉಪಾಯ ನನಗೆ ಬಹಳ ಹಿಡಿಸಿತು. ಅಣ್ಣತಮ್ಮಂದಿರು ಗದ್ದೆಯ ನಡುವೆ ಅಂಚು ಹಾಕಿಕೊಂಡಂತೆ.

ಉತ್ತರವನ್ನು ವಕೀಲರು ಹದಿನಾರನೆಯ ದಿನ ಕಳಿಸಿದರು. ಎರಡೇ ಪುಟ. ಅಲ್ಲಿಯವರೆಗೆ ಎದುರಿನವರಿಗೆ ಫೋನು ಮಾಡಕೂಡದು, ವಾಟ್ಸಪ್ಪಿನಲ್ಲಿ "ಸಾರಿ ಸರ್, ಗೊತ್ತಿರಲಿಲ್ಲ" ಎಂದೇನೂ ಬರೆಯಕೂಡದು ಎಂದು ಮೊದಲೇ ಎಚ್ಚರಿಸಿದ್ದರು. ನಾವು ಸೌಜನ್ಯಕ್ಕೆಂದು ಆಡುವ ಮಾತೇ ಆಮೇಲೆ ತಪ್ಪೊಪ್ಪಿಗೆಯಾಗಿ ಕೋರ್ಟಿನಲ್ಲಿ ಕಾಣಿಸಿಕೊಳ್ಳುತ್ತದೆ. ಉತ್ತರದಲ್ಲಿ ಬೈಗುಳವಿರಲಿಲ್ಲ, ಬೇಡಿಕೆಯೂ ಇರಲಿಲ್ಲ. 2014ರಿಂದ ನಮ್ಮ ಬಳಕೆಯಿದೆ, 34ನೇ ಕಲಮು ನಮ್ಮನ್ನು ಕಾಯುತ್ತದೆ, ದಾಖಲೆಗಳ ಪಟ್ಟಿ ಇಗೋ. ನೀಲಿ ಹನಿಯನ್ನು ತಪ್ಪೊಪ್ಪಿಕೊಳ್ಳದೆ ಸ್ವಇಚ್ಛೆಯಿಂದ ತೆಗೆದಿದ್ದೇವೆ. ಹಣದ ಬೇಡಿಕೆಗೆ ಆಧಾರವಿಲ್ಲ. ಇಷ್ಟೇ. ಬುಡವಿಲ್ಲದ ಬೆದರಿಕೆ ಹಾಕಿದವರ ಮೇಲೆ ಬೆದರಿಕೆಗೊಳಗಾದವನೇ ಮೊಕದ್ದಮೆ ಹೂಡಲು 142ನೇ ಕಲಮಿನಲ್ಲಿ ಅವಕಾಶವಿದೆ ಎಂದು ಓದಿ ನಮ್ಮ ಹುಡುಗ ಉತ್ಸಾಹಗೊಂಡಿದ್ದ. ವಕೀಲರು ನಕ್ಕರು. ಅವರ ನೋಂದಣಿ ನಿಜವಾದದ್ದು, ಹನಿಯ ದೂರು ನಿಜವಾದದ್ದು, ಇದನ್ನು ಬುಡವಿಲ್ಲದ್ದು ಎನ್ನುವುದು ಹೇಗೆ? ಆ ಮಾತು ಬರೆಯಲಿಲ್ಲ.

ಈ ನಡುವೆ ಕಂಪನಿಯವರು ಅಂತರ್ಜಾಲದ ಒಂದು ಜಾಹೀರಾತು ತಾಣಕ್ಕೂ ದೂರು ಕೊಟ್ಟಿದ್ದರಿಂದ ಅಲ್ಲಿ ಅವನ ಹೆಸರು, ಗಿರಾಕಿಗಳು ಬರೆದ ಮುನ್ನೂರು ಚಿಲ್ಲರೆ ಮೆಚ್ಚುಗೆಗಳು ಎಲ್ಲವೂ ದೀಪಾವಳಿಯ ವಾರದಲ್ಲಿ ಮಾಯವಾದವು. ವಕೀಲರ ಉತ್ತರ ಇದಕ್ಕೆ ಸಾಲದು, ತಾಣದವರಿಗೆ ಬೇರೆಯಾಗಿ ಅರ್ಜಿ ಕೊಡಬೇಕು. ಆ ಸಲದ ಹಬ್ಬದ ವ್ಯಾಪಾರ ಅರ್ಧಕ್ಕರ್ಧ ಹೋಯಿತು. ಹಳೆಯ ಸೊಸೈಟಿಗಳು ಕೈಬಿಡಲಿಲ್ಲವಾಗಿ ಸಂಬಳ ನಿಲ್ಲಲಿಲ್ಲ.

ಎರಡು ತಿಂಗಳ ಮೇಲೆ ಎದುರಿನ ವಕೀಲರಿಂದ ಒಪ್ಪಂದದ ಕರಡು ಬಂತು. ಹತ್ತು ಲಕ್ಷದ ಮಾತೂ ಕ್ಷಮಾಪಣೆಯ ಮಾತೂ ಅದರಲ್ಲಿ ಇರಲಿಲ್ಲ. ಡೊಂಬಿವಲಿ ಬಿಟ್ಟು ಹೊರಗೆ ಹೋಗಬಾರದು, ಎಂದೂ ನೋಂದಣಿಗೆ ಅರ್ಜಿ ಹಾಕಬಾರದು, ಹೆಸರಿನ ಕೆಳಗೆ ಊರಿನ ಹೆಸರು ಬರೆಯಬೇಕು, ಹನಿಯನ್ನು ಮತ್ತೆಂದೂ ಬಳಸಬಾರದು ಎಂದಿತ್ತು. ಕೇಸು ತಪ್ಪಿತಲ್ಲ ಎಂಬ ಖುಷಿಯಲ್ಲಿ ಹುಡುಗ ಅಂದೇ ರುಜು ಹಾಕಲು ಹೊರಟಿದ್ದ! ವಕೀಲರು ತಡೆದರು. ಕೊನೆಯ ಎರಡು ಷರತ್ತು ಒಪ್ಪಿದ್ದಾಯಿತು. ಮೊದಲನೆಯದನ್ನು ಮುಂಬಯಿ, ಠಾಣೆ, ಪಾಲ್ಘರ್ ಎಂದು ತಿದ್ದಿಸಿದರು. ಎರಡನೆಯದನ್ನು ಹೊಡೆದುಹಾಕಿಸಲು ಮತ್ತೆ ಮೂರು ತಿಂಗಳು ಹಿಡಿಯಿತು. 34ನೇ ಕಲಮು ಗುರಾಣಿಯಷ್ಟೇ, ಕತ್ತಿಯಲ್ಲ. ಈಗ ಹೊಸಬನೊಬ್ಬ ಅದೇ ಹೆಸರಿಟ್ಟುಕೊಂಡು ಬಂದರೆ ಅವನನ್ನು ತಡೆಯಲು ನಮ್ಮ ಹುಡುಗನಿಗೆ ತನ್ನದೇ ನೋಂದಣಿಯಿದ್ದರೆ ಅನುಕೂಲ. ನೋಂದಣಿಯಿಲ್ಲದವನಿಗೆ ದಾರಿಯೇ ಇಲ್ಲವೆಂದಲ್ಲ. ಅಹಮದಾಬಾದಿನ ಒಬ್ಬ ಫೋಟೋ ಸ್ಟುಡಿಯೋ ಮಾಲೀಕರು 1982ರಿಂದ ಬಳಸುತ್ತಿದ್ದ ಹೆಸರನ್ನು ಬೇರೆಯವರು ಇಟ್ಟುಕೊಂಡಾಗ, ಗಳಿಸಿದ ಹೆಸರಿನ ಆಧಾರದ ಮೇಲೆಯೇ 2001ರಲ್ಲಿ ಸುಪ್ರೀಂ ಕೋರ್ಟಿನಿಂದ ತಡೆಯಾಜ್ಞೆ ಪಡೆದರು. ಆದರೆ ಅದಕ್ಕೆ ಆ ಹೆಸರಿಗೆ ಊರಲ್ಲಿ ಎಷ್ಟು ಖ್ಯಾತಿ ಎಂಬುದನ್ನೆಲ್ಲ ಸಾಬೀತು ಮಾಡಬೇಕು. ಎಲ್ಲರಿಗೂ ಸುಪ್ರೀಂ ಕೋರ್ಟಿನವರೆಗೆ ಹೋಗುವ ಶಕ್ತಿಯಿರುವುದಿಲ್ಲ.

ನಿಮ್ಮಲ್ಲಿ ಯಾರಾದರೂ ಈಗ ಹೆಸರು ಹುಡುಕುತ್ತಿದ್ದರೆ ಒಂದು ಮಾತು. 'ಕ್ಲೀನ್', 'ಶೈನ್', 'ಫ್ರೆಶ್' ಇಂಥ ಪದಗಳನ್ನೇ ಜೋಡಿಸಬೇಡಿ. ಕೆಲಸದ ಗುಣವನ್ನೇ ಹೇಳುವ ಪದಕ್ಕೆ ನೋಂದಣಿ ಸಿಗುವುದು ಕಷ್ಟ, ಸಿಕ್ಕರೂ ಪಕ್ಕದವನನ್ನು ತಡೆಯುವುದು ಇನ್ನೂ ಕಷ್ಟ. ಕೆಲಸಕ್ಕೆ ಸಂಬಂಧವೇ ಇಲ್ಲದ ಪದ ಒಳ್ಳೆಯದು. ಮನೆಯಲ್ಲಿ ಅಜ್ಜಿ ಆಡುವ ಮಾತಿನಲ್ಲಿ ಅಂಥವು ಎಷ್ಟು ಬೇಕು? ಬೆಳ್ಳಕ್ಕಿ, ತೊಂಡೆಚಪ್ಪರ, ಬೆಳದಿಂಗಳು. ನಿಮಗೆ ಕನ್ನಡ ಬರುವುದರಿಂದ ಇಂಥ ಒಂದು ಲಾಭವೂ ಇದೆಯೆಂದು ನೀವು ಯೋಚಿಸಿರಲಿಕ್ಕಿಲ್ಲ. ಆ ಪದ ಬೇರೆ ಭಾಷೆಯಲ್ಲಿ ಅಪಾರ್ಥವಾಗದಂತೆ ಮಾತ್ರ ನೋಡಿಕೊಳ್ಳಿ.

ಅವನು 2023ರಲ್ಲಿ ಅರ್ಜಿ ಹಾಕಿದ. 2017ರ ನಿಯಮಗಳಂತೆ ಒಬ್ಬ ವ್ಯಕ್ತಿ ಅಥವಾ ಸಣ್ಣ ಉದ್ಯಮದವರು ಅಂತರ್ಜಾಲದಲ್ಲಿ ಅರ್ಜಿ ಹಾಕಿದರೆ ಒಂದು ವರ್ಗಕ್ಕೆ 4,500 ರೂಪಾಯಿ, ದೊಡ್ಡ ಕಂಪನಿಗಳಿಗೆ 9,000. 2014ರಿಂದ ಬಳಕೆ ಎಂದು ಬರೆದದ್ದಕ್ಕೆ ಅಫಿಡವಿಟ್ಟೂ ದಾಖಲೆಗಳೂ ಬೇಕಾದವು. ಸೊಸೈಟಿಯ ಅದೇ ವೌಚರುಗಳು ಮತ್ತೆ ಕೆಲಸಕ್ಕೆ ಬಂದವು. ಪರಿಶೀಲನಾ ವರದಿಯಲ್ಲಿ ಆಕ್ಷೇಪ ಬಂದರೆ ಒಂದು ತಿಂಗಳಲ್ಲಿ ಉತ್ತರ ಕೊಡಬೇಕು. ಆಮೇಲೆ ಟ್ರೇಡ್‌ಮಾರ್ಕ್ ಜರ್ನಲಿನಲ್ಲಿ ಪ್ರಕಟಣೆ, ಪ್ರಕಟವಾದ ನಾಲ್ಕು ತಿಂಗಳೊಳಗೆ ಯಾರು ಬೇಕಾದರೂ ವಿರೋಧಿಸಬಹುದು. ನೋಂದಣಿ ಕೈಗೆ ಬರುವವರೆಗೆ ಹೆಸರಿನ ಪಕ್ಕ ವೃತ್ತದೊಳಗಿನ 'ಆರ್' ಅಕ್ಷರ ಹಾಕುವುದು ಕಾನೂನಿಗೆ ವಿರುದ್ಧ; 'ಟಿ.ಎಂ.' ಎಂದು ಹಾಕಿಕೊಳ್ಳಬಹುದು. ಅವನ ಹೊಸ ಟಿ-ಶರ್ಟುಗಳ ಮೇಲೆ ಅದೇ ಇದೆ, ಕೆಳಗೆ ಡೊಂಬಿವಲಿ ಎಂದೂ ಇದೆ.

ರಿಜಿಸ್ಟ್ರಿಯ ಮುಖ್ಯ ಕಚೇರಿ ಇಲ್ಲೇ ಮುಂಬಯಿಯ ಅಂಟಾಪ್ ಹಿಲ್‌ನಲ್ಲಿದೆ. ದಿಲ್ಲಿ, ಕೋಲ್ಕತಾ, ಚೆನ್ನೈ, ಅಹಮದಾಬಾದುಗಳಲ್ಲಿ ಉಳಿದವು. ಊರಿನಲ್ಲಿರುವ ನಿಮ್ಮ ದಾಯಾದಿಗಳು ಯಾರಾದರೂ ಅರ್ಜಿ ಹಾಕುವುದಾದರೆ ಅವರದು ಚೆನ್ನೈ ಕಚೇರಿಗೆ ಸೇರುತ್ತದೆ. ಅರ್ಜಿ ಹಾಕುವುದು ಆಮೇಲಿನ ಮಾತಾಯಿತು. ಬೋರ್ಡು ಬರೆಸುವ ಮೊದಲು, ಸ್ಟಿಕರಿನವನ ಅಂಗಡಿಗೆ ಹೋಗುವ ಮೊದಲು, ಆ ಸರ್ಕಾರಿ ತಾಣದಲ್ಲಿ ನಿಮ್ಮ ಹೆಸರನ್ನು ನಾಲ್ಕಾರು ಬಗೆಯ ಕಾಗುಣಿತದಲ್ಲಿ ಹುಡುಕಿ ನೋಡಿ, ಆ ಪುಟವನ್ನು ತಾರೀಖಿನೊಂದಿಗೆ ಪ್ರಿಂಟು ತೆಗೆದು ಮೊದಲ ಬಿಲ್ಲು ಪುಸ್ತಕದ ಜೊತೆ ಕಟ್ಟಿಡಿ.